ಟೆಲ್ಮಿಸಾರ್ಟಾನ್ ತಗೊಂಡರೂ ಅಪ್ಪನ ಪೊಟ್ಯಾಸಿಯಂ 3.0. ಇದು ಕಷಾಯದ ಕೆಲಸವಾ?

ಹೇಮಾವತಿ ದಂಡೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಅಪ್ಪನಿಗೆ 66 ವರ್ಷ. ಶುಗರ್ ಬಂದು 14 ವರ್ಷ ಆಯಿತು. ಕಿಡ್ನಿ ಕೆಲಸ ಕುಗ್ಗಿದರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಎರಡು ವರ್ಷದಿಂದ 1.5ರ ಹತ್ತಿರವೇ ನಿಂತಿದೆ. ಮೆಟ್‌ಫಾರ್ಮಿನ್, ಬಿಪಿಗೆ ಟೆಲ್ಮಿಸಾರ್ಟಾನ್ 40, ಆಮ್ಲೋಡಿಪಿನ್ 5 ತಗೊಳ್ಳುತ್ತಾರೆ. ಜನವರಿಯಿಂದ ಶುಗರ್ ಮಾತ್ರೆ ಡಾಪಾಗ್ಲಿಫ್ಲೋಜಿನ್ 10 ಸೇರಿದೆ. ಬಿಪಿ 130ರ ಆಸುಪಾಸಿನಲ್ಲಿ ಇರುತ್ತಿತ್ತು.

ಈಗ ಎರಡು ತಿಂಗಳಿಂದ 160ಕ್ಕಿಂತ ಕೆಳಗೆ ಇಳಿಯುತ್ತಲೇ ಇಲ್ಲ. ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುತ್ತದೆ. ಚಪ್ಪಲಿ ಬಿಟ್ಟ ಮೇಲೂ ಪಟ್ಟಿಯ ಗುರುತು ಪಾದದ ಮೇಲೆ ಅಚ್ಚು ಒತ್ತಿದ ಹಾಗೆ ಕೂತಿರುತ್ತದೆ. ತೂಕ 68 ಇದ್ದದ್ದು 71 ಆಗಿದೆ. ನಿನ್ನೆ ರಕ್ತ ಪರೀಕ್ಷೆ ಮಾಡಿಸಿದೆವು, ಪೊಟ್ಯಾಸಿಯಂ 3.0 ಬಂದಿದೆ, ಕಡಿಮೆ.

ಮೂರು ವಾರದ ಹಿಂದೆ ದೊಡ್ಡಮ್ಮ ಊರಿಂದ ಬಂದು, ಊತ ಇಳಿಯಲಿ ಅಂತ ಕೊಮ್ಮೆ ಬೇರು ಮತ್ತು ನೆಗ್ಗಿಲು ಮುಳ್ಳು ಹಾಕಿ ಕಷಾಯ ಶುರು ಮಾಡಿದ್ದಾರೆ. ಡಾಕ್ಟರ್ ಮೊದಲು ಕಷಾಯ ನಿಲ್ಲಿಸಿ ಅಂದರು. ದೊಡ್ಡಮ್ಮ ಮೊದಲು ಮಾತ್ರೆ ಕಡಿಮೆ ಮಾಡಿ ಅನ್ನುತ್ತಾರೆ. ಅಪ್ಪ ಇಬ್ಬರಿಗೂ ಹೂಂ ಅಂದು ಎರಡನ್ನೂ ಕುಡಿಯುತ್ತಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಒಂದು ಬೇರು, ಒಂದು ಸೊಪ್ಪು ಕಿಡ್ನಿಯ ಉಪ್ಪಿನ ಲೆಕ್ಕವನ್ನು ನಿಜವಾಗಿಯೂ ಬದಲಾಯಿಸುತ್ತದಾ? ಅಥವಾ ಸುಮ್ನೆ ಕಷಾಯದ ಮೇಲೆ ಗೂಬೆ ಕೂರಿಸುತ್ತಿದ್ದೇವಾ?

ಸುಮ್ನೆ ಓದುಗ:

ಕಷಾಯ ನಿಲ್ಲಿಸಿ. ಈ ಗಿಡಮೂಲಿಕೆ ಎಲ್ಲಾ ಮೋಸ. ನೀರಿಗೆ ಬಣ್ಣ ಬಂದರೆ ಔಷಧಿ ಆಗಿಬಿಡುತ್ತದಾ?

ನೆಫ್ರಾನ್ ಮೇಷ್ಟ್ರು:

ಓದುಗರೇ, ಅವರ ಅಪ್ಪನ ಮಾತ್ರೆ ಪಟ್ಟಿಯನ್ನು ಇನ್ನೊಂದು ಸಲ ನೋಡಿ. ಅದರಲ್ಲಿರುವ ಡಾಪಾಗ್ಲಿಫ್ಲೋಜಿನ್ ವಂಶ ಶುರುವಾಗಿದ್ದೇ ಸೇಬಿನ ಮರದ ತೊಗಟೆಯಿಂದ.

ಮೊದಲು ಉಪ್ಪಿನ ಲೆಕ್ಕ ಹೇಳಿಬಿಡುತ್ತೇನೆ, ಆಮೇಲೆ ಎಲ್ಲಾ ಸುಲಭ. ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿರುವ ಸೋಡಿಯಂ ಅನ್ನು ಅಡುಗೆ ಉಪ್ಪಿಗೆ ಹೋಲಿಸಿದರೆ ಹತ್ತಿರ ಹತ್ತಿರ ಒಂದೂವರೆ ಕಿಲೋ ಆಗುತ್ತದೆ. ದಿನಾ! ನಾವು ತಿನ್ನುವುದು ಎಂಟು ಹತ್ತು ಗ್ರಾಂ. ಹಾಗಾಗಿ ಸೋಸಿದ್ದರಲ್ಲಿ 99 ಪರ್ಸೆಂಟ್‌ಗಿಂತ ಜಾಸ್ತಿ ವಾಪಸ್ ರಕ್ತಕ್ಕೆ ಸೇರಲೇಬೇಕು. ಮೂರರಲ್ಲಿ ಎರಡು ಪಾಲು, ಸೋಸಿದ ದ್ರವ ಹರಿಯುವ ಕಿಡ್ನಿಯ ಸಣ್ಣ ಕೊಳವೆಯ ಮೊದಲ ಭಾಗದಲ್ಲೇ ವಾಪಸ್ ಹೋಗುತ್ತದೆ. ಕೊನೆಯ ತುದಿಗೆ ಉಳಿಯುವುದು ಎರಡು ಮೂರು ಪರ್ಸೆಂಟ್ ಮಾತ್ರ. ಅದೂ ಮೂವತ್ತು ನಲವತ್ತು ಗ್ರಾಂ ಉಪ್ಪು, ಚಿಲ್ಲರೆ ಅಲ್ಲ.

ಈಗ ಶುಗರ್ ವಿಷಯ. ಮೊದಲ ಭಾಗದಲ್ಲಿ ಎಸ್‌ಜಿಎಲ್‌ಟಿ2 ಅಂತ ಒಂದು ಬಾಗಿಲಿದೆ. ಅದು ಒಂದು ಗ್ಲೂಕೋಸ್ ಒಳಗೆ ಬಿಡಬೇಕಾದರೆ ಜೊತೆಗೆ ಒಂದು ಸೋಡಿಯಂ ಅನ್ನೂ ಬಿಡುತ್ತದೆ. ಜೋಡಿ ಟಿಕೆಟ್. ರಕ್ತದಲ್ಲಿ ಸಕ್ಕರೆ ಜಾಸ್ತಿ ಆದಷ್ಟೂ ಅದರ ಬೆನ್ನಿಗೆ ಉಪ್ಪೂ ಜಾಸ್ತಿ ವಾಪಸ್ ಬರುತ್ತದೆ. ಮುಂದೆ ಕೊಳವೆಯ ದಾರಿಯಲ್ಲಿ ಉಪ್ಪಿನ ಮಟ್ಟ ನೋಡುವ ಒಂದು ಕಾವಲು ಇದೆ. ಅಲ್ಲಿಗೆ ತಲುಪುವ ಉಪ್ಪು ಕಡಿಮೆ ಆದರೆ, ಮೇಲೆ ಸೋಸುವ ಕೆಲಸ ಸರಿಯಾಗಿ ನಡೆಯುತ್ತಿಲ್ಲ ಅಂತ ಅದು ತಪ್ಪು ತಿಳಿಯುತ್ತದೆ. ಕೊನೆ ಗದ್ದೆಗೆ ನೀರು ಬರಲಿಲ್ಲ ಅಂತ ಮೇಲಿನ ತೂಬು ಎತ್ತಿದ ಹಾಗೆ, ಸೋಸುಕಕ್ಕೆ ಬರುವ ರಕ್ತನಾಳವನ್ನು ಅಗಲ ಮಾಡಿಸುತ್ತದೆ. ಜಾಲರಿಯ ಮೇಲೆ ಒತ್ತಡ ಏರುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಜಾಲರಿ ಹರಿದು ಪ್ರೋಟೀನ್ ಸೋರುತ್ತದೆ. ಶುಗರ್‌ನಲ್ಲಿ ಕಿಡ್ನಿ ಹಾಳಾಗುವ ಕತೆಯ ಒಂದು ದೊಡ್ಡ ಅಧ್ಯಾಯ ಇದು.

ಸೇಬಿನ ತೊಗಟೆಗೆ ಬರೋಣ. 1835ರಲ್ಲಿ ಬೆಲ್ಜಿಯಂನ ರಸಾಯನಶಾಸ್ತ್ರಜ್ಞರು ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೋರಿಜಿನ್ ಅನ್ನುವ ಕಹಿ ವಸ್ತು ತೆಗೆದರು. ಸಿಂಕೋನಾ ತೊಗಟೆಯ ಹಾಗೆ ಜ್ವರಕ್ಕೆ ಕೆಲಸಕ್ಕೆ ಬರಬಹುದು ಅನ್ನುವ ಆಸೆ. 1886ರಲ್ಲಿ ಜರ್ಮನಿಯ ಫಾನ್ ಮೆರಿಂಗ್, ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ ಅಂತ ತೋರಿಸಿದರು. ಅದು ಮುಚ್ಚುತ್ತಿದ್ದುದು ಈ ಎಸ್‌ಜಿಎಲ್‌ಟಿ ಬಾಗಿಲನ್ನೇ ಅಂತ ಗೊತ್ತಾಗಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ತೊಗಟೆಯ ವಸ್ತುವನ್ನು ಹಾಗೇ ನುಂಗಿದರೆ ಕರುಳಲ್ಲೇ ಒಡೆದುಹೋಗುತ್ತದೆ, ಕರುಳಿನ ಬಾಗಿಲನ್ನೂ ಮುಚ್ಚಿ ಭೇದಿ ಮಾಡಿಸುತ್ತದೆ. ಅದಕ್ಕೇ ಅದರ ಅಚ್ಚನ್ನು ಇಟ್ಟುಕೊಂಡು ತಿದ್ದಿ ತಿದ್ದಿ ಈ ‘ಗ್ಲಿಫ್ಲೋಜಿನ್’ ಮಾತ್ರೆಗಳನ್ನು ಮಾಡಿದರು. ನಮ್ಮಲ್ಲಿ 2020ರಲ್ಲಿ ಡಾಪಾದ ಪೇಟೆಂಟ್ ಮುಗಿದ ಮೇಲೆ ಬೆಲೆ ಇಳಿದು ತಾಲ್ಲೂಕಿನ ಮೆಡಿಕಲ್ ಶಾಪ್‌ಗೂ ಬಂತು.

ಆದ್ದರಿಂದ ಗಿಡದ ಸಾರ ಕಿಡ್ನಿಯ ಉಪ್ಪನ್ನು ಮುಟ್ಟುತ್ತದಾ ಅನ್ನುವುದಕ್ಕೆ ಉತ್ತರ ಹೌದು. ಯಾವ ಬಾಗಿಲು, ಯಾವ ದಿಕ್ಕಿಗೆ ಅನ್ನುವುದರಲ್ಲೇ ಎಲ್ಲಾ ಇರುವುದು.

ಸುಮ್ನೆ ಓದುಗ:

ಸರಿ ಮೇಷ್ಟ್ರೇ, ‘ಎಲ್ಲಾ’ ಅನ್ನುವ ಪದ ವಾಪಸ್ ತಗೊಂಡೆ. ಉಳಿದದ್ದು ಹಾಗೇ ಇರಲಿ.

ಕಡಲ ತಡಿ ಅಕ್ಕ:

ನಮ್ಮ ಕಡೆ ಬಿಂಬುಳಿ ಅನ್ನುವ ಹುಳಿ ಕಾಯಿಯ ಜ್ಯೂಸ್ ಹುಚ್ಚು ಒಂದು ಕಾಲಕ್ಕೆ ಜೋರಿತ್ತು. ಕೊಲೆಸ್ಟ್ರಾಲ್ ಇಳಿಯುತ್ತದೆ, ಶುಗರ್ ಇಳಿಯುತ್ತದೆ ಅಂತ. ಪಕ್ಕದ ಕೇರಳದಲ್ಲಿ ಬಿಂಬುಳಿ ರಸ ಕುಡಿದು 10 ಜನರ ಕಿಡ್ನಿ ಏಕಾಏಕಿ ಕೆಟ್ಟದ್ದನ್ನು ಅಲ್ಲಿನ ವೈದ್ಯರು 2013ರಲ್ಲಿ ವರದಿ ಮಾಡಿದರು. ಅದರಲ್ಲಿರುವ ಆಕ್ಸಲೇಟ್ ಕೊಳವೆಯಲ್ಲಿ ಹರಳು ಕಟ್ಟುತ್ತದೆ. ಮೀನು ಸಾರಿಗೆ ನಾಲ್ಕು ಬಿಂಬುಳಿ ಹಾಕಿದರೆ ಏನೂ ಆಗುವುದಿಲ್ಲ. ಲೋಟಗಟ್ಟಲೆ ಹಿಂಡಿ ಕುಡಿಯುವುದು ಬೇರೆ ಕತೆ. ಕಿಡ್ನಿ ತೊಂದರೆ ಇರುವವರು ಇದರ ದಾಯಾದಿ ಧಾರೆಹುಳಿ, ಅಂದರೆ ಸ್ಟಾರ್ ಫ್ರೂಟ್ ಅನ್ನಂತೂ ಮುಟ್ಟಲೇಬಾರದು.

ಇದು ಉಪ್ಪಿನ ವಿಷಯ ಅಲ್ಲ, ಗೊತ್ತು. ಆದರೆ ಹೇಳದೆ ಇರಲು ಆಗಲಿಲ್ಲ.

ಮಾತ್ರೆ ಡಬ್ಬಿ:

ನಾನು ಮೆಡಿಕಲ್ ಶಾಪ್ ನಡೆಸುವವನು, ಡಾಕ್ಟರ್ ಅಲ್ಲ. ಆದರೂ ಒಂದು ವಿಷಯ ಕಣ್ಣಿಗೆ ಚುಚ್ಚುತ್ತಿದೆ.

ಕಾಲು ಊತ ಮಾತ್ರ ಇದ್ದಿದ್ದರೆ ಆಮ್ಲೋಡಿಪಿನ್ ಮೇಲೆ ಅನುಮಾನ ಪಡುತ್ತಿದ್ದೆ. ಅದು ಕಾಲು ಊದಿಸುವುದು ಮಾಮೂಲು. ಆದರೆ ಅದು ಬಿಪಿ ಏರಿಸುವುದಿಲ್ಲ, ಪೊಟ್ಯಾಸಿಯಂ ಇಳಿಸುವುದಿಲ್ಲ. ಟೆಲ್ಮಿಸಾರ್ಟಾನ್ ತಗೊಳ್ಳುವ, ಅದೂ ಕ್ರಿಯಾಟಿನಿನ್ 1.5 ಇರುವವರಿಗೆ ಪೊಟ್ಯಾಸಿಯಂ ಏರುವ ಭಯ ಇರಬೇಕು. ಇಲ್ಲಿ ಉಲ್ಟಾ ಆಗಿದೆ. ಇನ್ನು ಕೊಮ್ಮೆ ಬೇರಿನಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಧಾರಾಳವಾಗಿದೆ. ಅದೂ ಏರಿಸಬೇಕೇ ಹೊರತು ಇಳಿಸಬಾರದು. ಅದಕ್ಕಿಂತ ಮುಖ್ಯವಾಗಿ ಕಷಾಯ ಶುರುವಾಗಿ ಮೂರು ವಾರ, ಬಿಪಿ ಕೆಟ್ಟು ಎರಡು ತಿಂಗಳು. ಕಳ್ಳ ಬಂದು ಹೋದ ಮೇಲೆ ಬಂದವರನ್ನು ಹಿಡಿದರೆ ಹೇಗೆ?

ಅವರು ಬೇರೆ ಏನು ತಗೊಳ್ಳುತ್ತಾರೆ? ಭೇದಿ ಮಾತ್ರೆ? ವಾಂತಿ, ಬೇಧಿ? ನೀರು ಹೋಗಿಸುವ ಮಾತ್ರೆ? ಸ್ಟೀರಾಯ್ಡ್? ಮಂಡಿನೋವಿನ ಮಾತ್ರೆ? ಮತ್ತೆ 3.0 ಅನ್ನುವುದು ಹೃದಯದ ಬಡಿತಕ್ಕೆ ಒಳ್ಳೆಯದಲ್ಲ. ರಿಪೋರ್ಟ್ ಡಾಕ್ಟರ್‌ಗೆ ಇವತ್ತೇ ಕಳಿಸಿ. ಈ ಚರ್ಚೆ ಮುಗಿಯಲಿ ಅಂತ ಕಾಯಬೇಡಿ.

ಹೇಮಾವತಿ ದಂಡೆ:

ರಿಪೋರ್ಟ್ ಕಳಿಸಿದೆ. ಪೊಟ್ಯಾಸಿಯಂ ಸಿರಪ್ ಬರೆದುಕೊಟ್ಟಿದ್ದಾರೆ, ಇಸಿಜಿ ಆಯಿತು, ಸದ್ಯಕ್ಕೆ ಪರವಾಗಿಲ್ಲ ಅಂದರು. ನೀವು ಕೇಳಿದ್ದರಲ್ಲಿ ಯಾವುದೂ ಇಲ್ಲ. ನೋವಿನ ಮಾತ್ರೆ ಡಾಕ್ಟರ್ ಬೈದ ಮೇಲೆ ಬಿಟ್ಟಿದ್ದಾರೆ. ಇನ್ಸುಲಿನ್ ಗಿಡದ ಎಲೆ ಹೋದ ವರ್ಷ ತಿನ್ನುತ್ತಿದ್ದರು. ಈಗ ಗಿಡವೇ ಒಣಗಿದೆ.

ಬೇರು ನಾರು:

ನಾನು ಆಯುರ್ವೇದ ವೈದ್ಯ. ಇಲ್ಲಿ ಎರಡು ಮಾತು.

ಒಂದು, ಕೊಮ್ಮೆಗೆ ಪುನರ್ನವ ಅಂತ ಹೆಸರಿಟ್ಟು ಊತಕ್ಕೆ ಕೊಡುವುದು ಹಳೆಯ ಪದ್ಧತಿ, ದೊಡ್ಡಮ್ಮ ಕಟ್ಟುಕತೆ ಹೇಳಿಲ್ಲ. ಆದರೆ ಆಗ ಕೊಡುತ್ತಿದ್ದ ರೋಗಿ ಟೆಲ್ಮಿಸಾರ್ಟಾನ್ ತಗೊಳ್ಳುತ್ತಿರಲಿಲ್ಲ. ಕಿಡ್ನಿ ಅರ್ಧ ಕೆಲಸ ಮಾಡುವ ಜಾಗದಲ್ಲಿ, ಪೊಟ್ಯಾಸಿಯಂ ಏರಿಸುವ ಮಾತ್ರೆಯ ಜೊತೆ, ರಕ್ತ ಪರೀಕ್ಷೆ ಇಲ್ಲದೆ ನಾನಾದರೂ ಕೊಡುವುದಿಲ್ಲ. ಸದ್ಯಕ್ಕೆ ನಿಲ್ಲಿಸಿ. ದೊಡ್ಡಮ್ಮನಿಗೆ ಅವಮಾನ ಆಗದ ಹಾಗೆ ಹೇಳಿ.

ಎರಡು, ಮಾತ್ರೆ ಡಬ್ಬಿಯವರ ಲೆಕ್ಕ ಸರಿ ಇದೆ. ಉಪ್ಪು ನಿಲ್ಲುತ್ತಿದೆ, ಪೊಟ್ಯಾಸಿಯಂ ಹೋಗುತ್ತಿದೆ, ಬಿಪಿ ಏರಿದೆ. ಇದನ್ನು ಮಾಡುವ ಒಂದು ಬೇರು ನನಗೆ ಚೆನ್ನಾಗಿ ಗೊತ್ತು. ನಿಮ್ಮಪ್ಪ ಗ್ರಂಧಿಗೆ ಅಂಗಡಿಯಿಂದ ಸಿಹಿಯಾದ ಏನಾದರೂ ತರುತ್ತಾರಾ? ಕೆಮ್ಮಿಗೆ, ಗಂಟಲಿಗೆ, ಹೊಟ್ಟೆ ಉರಿಗೆ? ಅಪ್ಪನನ್ನು ಕೇಳಬೇಡಿ, ಅಮ್ಮನನ್ನು ಕೇಳಿ.

ಹೇಮಾವತಿ ದಂಡೆ:

ಅಯ್ಯೋ ದೇವರೇ.

ಅಮ್ಮ ನಗುತ್ತಾ ಹೋಗಿ ಅಪ್ಪನ ಅಂಗಿ ಜೇಬಿಗೆ ಕೈ ಹಾಕಿ ಒಂದು ಪೊಟ್ಟಣ ತಂದರು. ಜ್ಯೇಷ್ಠಮಧು ಕಡ್ಡಿ. ಕಿರುಬೆರಳಿನಷ್ಟು ದಪ್ಪ, ಒಂದು ತುದಿ ಜಗಿದು ಜಗಿದು ಬಣ್ಣದ ಕುಂಚದ ಹಾಗೆ ನಾರು ಬಿಟ್ಟಿದೆ, ಒಳಗೆ ಹಳದಿ.

ಕತೆ ಏನೆಂದರೆ, ಅಪ್ಪ ಈ ಯುಗಾದಿಗೆ ಹೊಗೆಸೊಪ್ಪು ಬಿಟ್ಟರು. ನಲವತ್ತು ವರ್ಷದ ಚಟ. ನಾವೆಲ್ಲಾ ಹೊಗಳಿದ್ದೇ ಹೊಗಳಿದ್ದು. ಬಾಯಿ ಸುಮ್ಮನಿರುವುದಿಲ್ಲವಲ್ಲ, ಅದಕ್ಕೆ ಯಾರೋ ಈ ಕಡ್ಡಿ ಅಭ್ಯಾಸ ಹೇಳಿಕೊಟ್ಟಿದ್ದಾರೆ. ದಿನಕ್ಕೆ ಮೂರು ನಾಲ್ಕು ಕಡ್ಡಿ. ರಸ ನುಂಗುವುದು, ನಾರು ಉಗಿಯುವುದು. ಯುಗಾದಿಯಿಂದ ಲೆಕ್ಕ ಹಾಕಿದರೆ ಬಿಪಿ ಏರಿದ ದಿನಕ್ಕೆ ಸರಿಯಾಗಿ ಕೂರುತ್ತದೆ.

ಕೇಳಿದ್ದಕ್ಕೆ, “ಸಕ್ಕರೆ ಅಲ್ಲ ಕಣಮ್ಮ, ಬೇರು. ಶುಗರ್‌ನೋರು ತಿನ್ನಬಹುದು” ಅಂದರು. ಔಷಧಿ ಏನೇನು ತಗೋತೀರಿ ಅಂತ ಕೇಳಿದಾಗ ಇದನ್ನು ಯಾಕೆ ಹೇಳಲಿಲ್ಲ ಅಂದೆ. ಅದು ಔಷಧಿ ಅಲ್ಲವಲ್ಲ ಅಂದರು. ತಪ್ಪೂ ಹೇಳಲಿಲ್ಲ, ಪಾಪ.

ಬೇರು ನಾರು:

ಅದೇ ನೋಡಿ. ನಾವು ಚೂರ್ಣವಾಗಿ ಎರಡು ಮೂರು ಗ್ರಾಂ ಕೊಡುತ್ತೇವೆ, ಕೆಲವು ದಿನದ ಮಟ್ಟಿಗೆ. ಬಿಪಿ ಇದ್ದರೆ, ಊತ ಇದ್ದರೆ ಅದನ್ನೂ ಯೋಚನೆ ಮಾಡಿ ಕೊಡುತ್ತೇವೆ. ಎರಡು ತಿಂಗಳು ದಿನವಿಡೀ ಜಗಿಯಲು ಯಾವ ಗ್ರಂಥವೂ ಹೇಳಿಲ್ಲ. ಕಡ್ಡಿ ಇವತ್ತಿಂದಲೇ ಬಂದ್. ಡಾಕ್ಟರ್‌ಗೂ ಹೇಳಿ, ಮುಚ್ಚಿಡಬೇಡಿ.

ನೆಫ್ರಾನ್ ಮೇಷ್ಟ್ರು:

ವೈದ್ಯರೇ, ಕೈ ಕೊಡಿ. ನನಗೆ ಹೊಳೆದಿರಲಿಲ್ಲ.

ನಾನು ಹೇಳಿದ ಆ ಕೊನೆಯ ಎರಡು ಮೂರು ಪರ್ಸೆಂಟ್ ಉಪ್ಪು ಈಗ ಕೆಲಸಕ್ಕೆ ಬರುತ್ತದೆ. ಕೊಳವೆಯ ಕೊನೆಯಲ್ಲಿ ಒಂದು ಬೀಗ ಇದೆ. ಆಲ್ಡೋಸ್ಟಿರೋನ್ ಅನ್ನುವ ಹಾರ್ಮೋನ್ ಅದರ ಕೀಲಿ. ಕೀಲಿ ತಿರುಗಿದರೆ ಸೋಡಿಯಂ ಒಳಗೆ, ಪೊಟ್ಯಾಸಿಯಂ ಹೊರಗೆ. ತಮಾಷೆ ಏನೆಂದರೆ ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನ್ ಕೂಡ ಅದೇ ಬೀಗಕ್ಕೆ ಕೂರುತ್ತದೆ, ಮತ್ತು ರಕ್ತದಲ್ಲಿ ಅದು ಆಲ್ಡೋಸ್ಟಿರೋನ್‌ಗಿಂತ ನೂರಾರು ಪಟ್ಟು ಜಾಸ್ತಿ. ಹಾಗಾಗಿ ಬೀಗದ ಪಕ್ಕದಲ್ಲೇ ಒಂದು ಕಿಣ್ವ ಕಾವಲು ಕೂತಿದೆ. ಬಂದ ಕಾರ್ಟಿಸಾಲ್‌ನ ಹಲ್ಲು ಮುರಿದು ಕಾರ್ಟಿಸೋನ್ ಮಾಡಿ ಕಳಿಸುತ್ತದೆ, ಆಮೇಲೆ ಅದು ಬೀಗಕ್ಕೆ ಕೂರುವುದಿಲ್ಲ. ಜ್ಯೇಷ್ಠಮಧುವಿನ ಸಿಹಿ ವಸ್ತು ಗ್ಲಿಸಿರೈಜಿನ್ ಹೊಟ್ಟೆಯಲ್ಲಿ ಒಡೆದು ಈ ಕಾವಲುಗಾರನನ್ನೇ ಮಲಗಿಸುತ್ತದೆ. ಆಮೇಲೆ ಕಾರ್ಟಿಸಾಲ್‌ನದೇ ರಾಜ್ಯ. ಟೆಲ್ಮಿಸಾರ್ಟಾನ್ ತಡೆಯುವುದು ಆಲ್ಡೋಸ್ಟಿರೋನ್ ಬರುವ ದಾರಿಯನ್ನು. ಇಲ್ಲಿ ಬೀಗ ತೆಗೆಯುತ್ತಿರುವುದೇ ಬೇರೆ ಕೀಲಿ, ಅದಕ್ಕೆ ಮಾತ್ರೆ ಇದ್ದೂ ಪೊಟ್ಯಾಸಿಯಂ ಇಳಿಯಿತು.

ಒಂದು ಕಡೆ ಡಾಪಾ ಮೊದಲ ಬಾಗಿಲಲ್ಲಿ ಉಪ್ಪು ಹೊರಗೆ ಬಿಡುತ್ತಿದೆ. ಇನ್ನೊಂದು ಕಡೆ ಕಡ್ಡಿ ಕೊನೆಯ ಬಾಗಿಲಲ್ಲಿ ಅದನ್ನು ಬಾಚಿ ಒಳಗೆ ಹಾಕುತ್ತಿದೆ. ಎರಡರ ಮೂಲವೂ ಗಿಡವೇ!

1940ರ ದಶಕದಲ್ಲೇ ಇದು ಕಣ್ಣಿಗೆ ಬಿದ್ದಿತ್ತು. ನೆದರ್ಲೆಂಡ್ಸ್‌ನ ರೆವರ್ಸ್ ಅನ್ನುವ ವೈದ್ಯರು ಹೊಟ್ಟೆ ಹುಣ್ಣಿಗೆ ಈ ಬೇರಿನ ಸಾರ ಕೊಟ್ಟು, ಹುಣ್ಣು ವಾಸಿ ಆದರೂ ಕೆಲವರ ಮೈ ಊದುವುದನ್ನು ನೋಡಿದರು. ಯುರೋಪಿನಲ್ಲಿ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ಮಿತಿ ಇಟ್ಟಿದ್ದಾರೆ. ಬೇರಿನಲ್ಲಿ ನೂರಕ್ಕೆ 4 ಪಾಲು ಅಂತ ಹಿಡಿದರೂ 10 ಗ್ರಾಂ ಕಡ್ಡಿಯಲ್ಲಿ 400 ಮಿಲಿಗ್ರಾಂ. ಜಗಿದು ಅರ್ಧ ಉಗಿದರೂ ಮಿತಿಯ ಎರಡು ಪಟ್ಟು.

ಡೈಕ್ ಮೇಲಿನವಳು:

ನಾನಿರುವುದೇ ನೆದರ್ಲೆಂಡ್ಸ್‌ನಲ್ಲಿ. ಇಲ್ಲಿ ಇದರ ಕಪ್ಪು ಮಿಠಾಯಿಗೆ ‘ದ್ರಾಪ್’ ಅನ್ನುತ್ತಾರೆ, ಉಪ್ಪುಪ್ಪಾಗಿರುವುದೂ ಇದೆ, ನನ್ನ ಮಗಳು ಬಿಟ್ಟರೆ ಮನೆಯಲ್ಲಿ ಯಾರಿಗೂ ಸೇರುವುದಿಲ್ಲ. ಬೇರಿನ ಅಂಶ ಜಾಸ್ತಿ ಇರುವ ಪೊಟ್ಟಣದ ಮೇಲೆ, ಬಿಪಿ ಇರುವವರು ಹೆಚ್ಚು ತಿನ್ನಬೇಡಿ ಅಂತ ಬರೆದೇ ಇರುತ್ತದೆ. ಊರಿನ ಗ್ರಂಧಿಗೆ ಅಂಗಡಿಯವರು ಹಳೆ ಪೇಪರ್‌ನಲ್ಲಿ ಕಟ್ಟಿಕೊಡುವಾಗ ಏನು ಬರೆಯುತ್ತಾರೆ ಹೇಳಿ.

ಗದಗಿನ ಗಾಳಿ:

ಮೇಷ್ಟ್ರೇ, ಇದಕ್ಕೆ ಉಲ್ಟಾ ಇಲ್ಲವೇನು? ಶುಗರ್ ಇರುವವರಿಗೆ ಉಪ್ಪು ಹೊರಗೆ ಹಾಕಿಸುವ ಗಿಡ? ನೇರಳೆ ಬೀಜ, ಮಧುನಾಶಿನಿ, ಹೊನ್ನೆ ಮರದ ಲೋಟ, ಇವು?

ನೆಫ್ರಾನ್ ಮೇಷ್ಟ್ರು:

ನೀವು ಹೇಳಿದವನ್ನು ಜನ ಶುಗರ್‌ಗೆ ಬಳಸುತ್ತಾರೆ, ಕಿಡ್ನಿಯ ಉಪ್ಪಿಗೆ ಅಲ್ಲ. ಉಪ್ಪಿನ ಮೇಲೆ ಪಟ್ಟಾಗಿ ಕೂತು ಕೆಲಸ ಮಾಡಿದ್ದು ಆಫ್ರಿಕಾದ ದಕ್ಷಿಣ ಭಾಗದವರು. ಜಿಂಬಾಬ್ವೆಯಲ್ಲಿ ಶುಗರ್‌ಗೆ ಒಂದು ಜಾತಿಯ ಪಾಪಾಸುಕಳ್ಳಿ ಬಳಸುತ್ತಾರೆ. ಅದರ ಸಾರವನ್ನು ಶುಗರ್ ಬರಿಸಿದ ಇಲಿಗಳಿಗೆ ಐದು ವಾರ ಕೊಟ್ಟು ನೋಡಿದರು. ಸಕ್ಕರೆ ಇಳಿಯಿತು, ಮೂತ್ರದಲ್ಲಿ ಸೋಡಿಯಂ ಜಾಸ್ತಿ ಹೋಯಿತು. ಆಹಾ ಅನ್ನಬೇಕು ಅನ್ನುವಷ್ಟರಲ್ಲಿ ಯೂರಿಯಾ, ಕ್ರಿಯಾಟಿನಿನ್ ಏರಿದ್ದವು. ಅಂದರೆ ಬಾಗಿಲನ್ನು ಜಾಣತನದಿಂದ ಮುಚ್ಚಿದ್ದಲ್ಲ. ಕೊಳವೆಗೇ ಪೆಟ್ಟು ಬಿದ್ದು ಉಪ್ಪು ಹಿಡಿದಿಡಲು ಆಗದೆ ಸೋರಿರಬಹುದು. 

ಅದೇ ಸಂಶೋಧಕರ ಬಳಗ ಆಮೇಲೆ ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದಲ್ಲಿ ನಮ್ಮ ನೇರಳೆಯ ದಾಯಾದಿ ಮರವೊಂದರ ಎಲೆಯಿಂದ ಓಲಿಯನಾಲಿಕ್ ಆಮ್ಲ ತೆಗೆದು ಇಲಿಗಳಿಗೆ ಕೊಟ್ಟಿತು. ಲವಂಗದಲ್ಲೂ ಇದೇ ವಸ್ತು ಇದೆ. ಅಲ್ಲೂ ಸೋಡಿಯಂ ಜಾಸ್ತಿ ಹೋಯಿತು, ಆದರೆ ಕ್ರಿಯಾಟಿನಿನ್ ಇಳಿಯಿತು. ಮೂತ್ರದಲ್ಲಿ ಉಪ್ಪು ಹೋಯಿತು ಅನ್ನುವ ಒಂದೇ ಸಾಲು ಎರಡು ಕಡೆ ಇದ್ದರೂ ಅರ್ಥ ಬೇರೆ ಬೇರೆ.

ಈ ಇಲಿಗಳಿಗೆ ಸ್ಟ್ರೆಪ್ಟೊಜೊಟೊಸಿನ್ ಅನ್ನುವ ರಾಸಾಯನಿಕ ಚುಚ್ಚಿ ಇನ್ಸುಲಿನ್ ಮಾಡುವ ಕೋಶಗಳನ್ನೇ ಸುಟ್ಟಿರುತ್ತಾರೆ ಅನ್ನುವುದನ್ನೂ ಮರೆಯಬೇಡಿ. 14 ವರ್ಷ ಮುದ್ದೆ ಉಂಡು, ಮಾತ್ರೆ ನುಂಗಿ ಬಂದ ಮನುಷ್ಯನ ಕಿಡ್ನಿ ಅದಲ್ಲ.

ಸುಮ್ನೆ ಓದುಗ:

ಒಂದು ಅನುಮಾನ. ಡಾಪಾ ಶುರು ಮಾಡಿದಾಗಲೂ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ, ನಮ್ಮ ಮಾವನಿಗೇ ಆಗಿದೆ. ಡಾಕ್ಟರ್ ಪರವಾಗಿಲ್ಲ ಅಂದರು. ಕಳ್ಳಿಯಲ್ಲಿ ಏರಿದರೆ ವಿಷ, ಮಾತ್ರೆಯಲ್ಲಿ ಏರಿದರೆ ಪರವಾಗಿಲ್ಲ. ಇದು ಪಕ್ಷಪಾತ ಅಲ್ವಾ?

ನೆಫ್ರಾನ್ ಮೇಷ್ಟ್ರು:

ಈ ಚರ್ಚೆಯಲ್ಲೇ ಒಳ್ಳೆಯ ಪ್ರಶ್ನೆ ಇದು. ಡಾಪಾದಲ್ಲಿ ಕಾವಲಿಗೆ ಮತ್ತೆ ಉಪ್ಪು ಕಾಣುತ್ತದೆ, ಎತ್ತಿದ ತೂಬು ಇಳಿಯುತ್ತದೆ, ಜಾಲರಿಯ ಒತ್ತಡ ಕಡಿಮೆ ಆಗುತ್ತದೆ. ಸೋಸುವುದು ಕಡಿಮೆ ಆದಷ್ಟಕ್ಕೆ ಕ್ರಿಯಾಟಿನಿನ್ ಒಂದು ಮೆಟ್ಟಿಲು ಏರಿ ಅಲ್ಲೇ ನಿಲ್ಲುತ್ತದೆ. ಇದನ್ನು ನಂಬಲು ಕಾರಣ ಈ ತರ್ಕ ಚೆನ್ನಾಗಿದೆ ಅಂತಲ್ಲ. 2020ರಲ್ಲಿ ಹೊರಬಂದ ಡಾಪಾ-ಸಿಕೆಡಿ ಪ್ರಯೋಗದಲ್ಲಿ ಕಿಡ್ನಿ ತೊಂದರೆ ಇದ್ದ 4304 ಜನರನ್ನು ಎರಡು ವರ್ಷಕ್ಕೂ ಮೇಲೆ ಗಮನಿಸಿದರು. ಮಾತ್ರೆ ತಗೊಂಡವರಲ್ಲಿ ಕಿಡ್ನಿ ತೀರಾ ಕೆಡುವುದು ಅಥವಾ ಕಿಡ್ನಿ, ಹೃದಯದಿಂದ ಸಾಯುವುದು 39 ಪರ್ಸೆಂಟ್ ಕಡಿಮೆ ಇತ್ತು. ಕಳ್ಳಿಯ ಹಿಂದೆ ಇರುವುದು ಐದು ವಾರದ ಇಲಿಗಳು. ಪಕ್ಷಪಾತ ಇದ್ದರೆ ಅದು ಎಣಿಕೆಯ ಕಡೆಗೆ.

ಆದರೆ ಮಾತ್ರೆಯಲ್ಲೂ ಮೆಟ್ಟಿಲು ಜಾಸ್ತಿ ಏರಿದರೆ, ವಾಂತಿ ಬೇಧಿ ಜ್ವರ ಬಂದು ಊಟ ಸೇರದಿದ್ದರೆ, ಡಾಕ್ಟರ್‌ಗೆ ಹೇಳಲೇಬೇಕು.

ಹೇಮಾವತಿ ದಂಡೆ (ನಾಲ್ಕು ವಾರದ ನಂತರ):

ಇಷ್ಟು ದಿನ ಬರೆಯದಿದ್ದಕ್ಕೆ ಕ್ಷಮಿಸಿ. ಕಡ್ಡಿ ನಿಲ್ಲಿಸಿದ ಮೊದಲ ವಾರ ಏನೂ ಬದಲಾಗಲಿಲ್ಲ, ನನಗೆ ಭಯವೇ ಆಗಿತ್ತು. ಬೇರಿನ ಪ್ರಭಾವ ಹೋಗಲು ವಾರಗಳೇ ಬೇಕು ಅಂತ ಡಾಕ್ಟರ್ ಹೇಳಿದರು. ಎರಡನೇ ವಾರದ ಕೊನೆಗೆ ಊತ ಇಳಿಯಲು ಶುರುವಾಯಿತು. ಈಗ ತೂಕ 68 ಮತ್ತೆ ಸ್ವಲ್ಪ, ಬಿಪಿ 136/80, ಪೊಟ್ಯಾಸಿಯಂ 4.2. ಸಿರಪ್ ನಿಲ್ಲಿಸಿದ್ದಾರೆ. ಕ್ರಿಯಾಟಿನಿನ್ ಇದ್ದಲ್ಲೇ ಇದೆ.

ಕಷಾಯವೂ ನಿಂತಿದೆ. ದೊಡ್ಡಮ್ಮನ ತಪ್ಪು ಅಲ್ಲ ಅಂತ ಗೊತ್ತಾದ ದಿನ ಅವರ ಮುಖ ನೋಡಬೇಕಿತ್ತು. “ನಾನು ಆವತ್ತೇ ಹೇಳಿದ್ದೆ” ಅಂತ ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು. ಆವತ್ತು ಅವರು ಹೇಳಿದ್ದು ಮಾತ್ರೆ ಕಡಿಮೆ ಮಾಡಿ ಅಂತ, ಆದರೆ ಯಾರೂ ನೆನಪಿಸಲಿಲ್ಲ.

ಮಾವಿನಕಾಯಿ ಉಪ್ಪಿನಕಾಯಿ ಜಾಡಿ ಅಮ್ಮ ಅಟ್ಟಕ್ಕೆ ಏರಿಸಿದ್ದಾರೆ. ಅಪ್ಪ ಹೊಗೆಸೊಪ್ಪಿಗೆ ವಾಪಸ್ ಹೋಗಿಲ್ಲ, ಅದೇ ನನಗೆ ದೊಡ್ಡ ಸಮಾಧಾನ. ಬಾಯಿಗೆ ಏನಾದರೂ ಬೇಕೇ ಬೇಕಲ್ಲ, ಈಗ ಒಂದು ಲವಂಗ ದವಡೆಗೆ ಇಟ್ಟುಕೊಂಡು ಓಡಾಡುತ್ತಾರೆ. ಮೇಷ್ಟ್ರು ಹೇಳಿದ ಇಲಿ ಕತೆ ಅವರಿಗೆ ಹೇಳಿಲ್ಲ. ಹೇಳಿದರೆ ನಾಳೆ ಅರ್ಧ ಕಿಲೋ ತರುತ್ತಾರೆ.